ಗವಿಮಠದ ಬೆಟ್ಟದಿಂದ ಹೊರಡುವ ಪ್ರವಾಸ

(ಕೊಪ್ಪಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ವಿಷಯವನ್ನು ನೀವೇ ಆರಿಸಿಕೊಳ್ಳಿರಿ ಎಂದು ಸಂಘಟಕರು ಹೇಳಿದಾಗ ನಾನು ಹೆಚ್ಚು ಹೊತ್ತು ಯೋಚಿಸಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಭಾಗದ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿದವಳು ನಾನು. ಪ್ರತಿ ವರ್ಷ ದೀಪಾವಳಿ ರಜೆ ಮುಗಿದು ಶಾಲೆ ತೆರೆದ ಕೂಡಲೆ ಶಿಕ್ಷಕರ ಕೊಠಡಿಯಲ್ಲಿ ಒಂದು ಮಾತು ಏಳುತ್ತಿತ್ತು: "ಈ ಸಲ ಟ್ರಿಪ್ ಎಲ್ಲಿಗ್ರಿ?" ಆ ಮಾತಿಗೆ ನಾವು ಕೊಡುತ್ತ ಬಂದ ಉತ್ತರ ಸರಿಯಿರಲಿಲ್ಲ ಎಂದು ಈಗ ನನಗೆ ಖಚಿತವಾಗಿ ಅನಿಸುತ್ತದೆ. ಇವತ್ತು ಅದನ್ನೇ ಮಾತಾಡುತ್ತೇನೆ.

ನಾನು ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೊರಟದ್ದು ಮೈಸೂರಿನ ಕಡೆಗೆ. ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ರಾತ್ರಿ ಊಟ ಮುಗಿಸಿ ಬಸ್ಸು ಹತ್ತಿದೆವು. ಶಾಲೆಯ ಎದುರು ತೆಂಗಿನಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದರು. ತಾಯಂದಿರು ಕಟಕ ರೊಟ್ಟಿ, ಶೇಂಗಾ ಚಟ್ನಿ, ಚಕ್ಕುಲಿ ಕಟ್ಟಿ ಕೊಟ್ಟಿದ್ದರು. ಬಸ್ಸು ಗವಿಮಠದ ಬೆಟ್ಟದ ಹತ್ತಿರವೇ ಹಾದುಹೋಯಿತು. ಆ ಕತ್ತಲಲ್ಲಿ ಅತ್ತ ಕೈ ತೋರಿಸಬೇಕು ಎಂದು ನನಗೂ ಹೊಳೆಯಲಿಲ್ಲ. ನಾಲ್ಕು ದಿನದಲ್ಲಿ ಹದಿಮೂರು ಸ್ಥಳ ನೋಡಿದೆವು. ಒಂದೊಂದು ಕಡೆ ಅರ್ಧ ತಾಸು, ಮುಕ್ಕಾಲು ತಾಸು; ಅದರಲ್ಲೂ ಪಾಯಖಾನೆಯ ಸಾಲಿಗೆ ಮತ್ತು ಎಣಿಕೆಗೆ ಹೋದ ಹೊತ್ತು ಬೇರೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಬಿದ್ದ ಜಾಗದ ಮುಂದೆ ನಿಂತದ್ದು ಹತ್ತು ನಿಮಿಷವೂ ಇರಲಿಕ್ಕಿಲ್ಲ. "ಬರ್ರಿ, ಬರ್ರಿ, ಲೇಟಾತು" ಎಂದು ಕೂಗಿ ಕೂಗಿ ನನ್ನ ದನಿ ಬಿದ್ದುಹೋಗಿತ್ತು.

ತಿರುಗಿ ಬಂದ ಮೇಲೆ ಪ್ರವಾಸದ ಬಗ್ಗೆ ಒಂದು ಪುಟ ಬರೆಯಲು ಹೇಳಿದೆ. ಮಕ್ಕಳು ಮನಸ್ಸಿಟ್ಟು ಬರೆದಿದ್ದರು. ಬಸ್ಸಿನಲ್ಲಿ ಹಾಡಿದ್ದು, ಗೆಳತಿಗೆ ವಾಂತಿಯಾದದ್ದು, ಬೃಂದಾವನದ ಕಾರಂಜಿಯ ಬಣ್ಣ, ಮೃಗಾಲಯದ ಜಿರಾಫೆ. ಅವೆಲ್ಲ ಮಕ್ಕಳಿಗೆ ಬೇಕಾದ ಸಂತೋಷಗಳೇ. ನಾನು ಅದನ್ನು ಹಳಿಯಲು ಇಲ್ಲಿ ನಿಂತಿಲ್ಲ. ಆದರೆ ಪ್ರವಾಸದ ಅನುಮತಿ ಅರ್ಜಿಯಲ್ಲಿ 'ಐತಿಹಾಸಿಕ ಸ್ಥಳಗಳ ಅಧ್ಯಯನ' ಎಂದು ಬರೆದು ನಾನೇ ಸಹಿ ಮಾಡಿದ್ದೆ. ಅಧ್ಯಯನದ ಒಂದು ಸಾಲೂ ಆ ಪುಟಗಳಲ್ಲಿ ಇರಲಿಲ್ಲ. ಅದು ಮಕ್ಕಳ ತಪ್ಪಾಗಿರಲಿಲ್ಲ.

ಅದೇ ದಿನ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ತರಗತಿಯಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು ಬರೆಯದೆ ಸುಮ್ಮನೆ ಕುಳಿತಿದ್ದರು. ಅವರು ಪ್ರವಾಸಕ್ಕೆ ಬಂದವರೇ ಅಲ್ಲ. ದುಡ್ಡು ಹೊಂದಲಿಲ್ಲ, ಇಲ್ಲವೆ ಹೆಣ್ಣುಹುಡುಗಿಯನ್ನು ರಾತ್ರಿ ಹೊರಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ಕಿಟಕಿಯ ಪಕ್ಕ ಕೂಡುತ್ತಿದ್ದ ಒಬ್ಬಳು ಕೇಳಿದಳು: "ಟೀಚರ್ರ, ನಾವು ಏನ್ ಬರೀಬೇಕ್ರಿ?" ನನ್ನಲ್ಲಿ ಉತ್ತರವಿರಲಿಲ್ಲ. ಗಣಿತದ ಪಾಠವನ್ನು ದುಡ್ಡು ತಂದ ಅರ್ಧ ತರಗತಿಗೆ ಮಾತ್ರ ಹೇಳಿ ಉಳಿದವರನ್ನು ಹೊರಗೆ ಕೂಡಿಸಿದರೆ ಊರು ಸುಮ್ಮನಿರುತ್ತದೆಯೆ? ಪ್ರವಾಸವೂ ಪಾಠವೇ ಎಂದು ನಾವು ಹೇಳುವುದಾದರೆ, ಆ ಹುಡುಗಿಗೆ ನಾವು ಪಾಠ ತಪ್ಪಿಸಿದ್ದೆವು.

ಚಿಣ್ಣರ ಕರ್ನಾಟಕ ದರ್ಶನದಂಥ ಯೋಜನೆಗಳು ಬಂದು ಸರ್ಕಾರಿ ಶಾಲೆಯ ಮಕ್ಕಳನ್ನು ಖರ್ಚಿಲ್ಲದೆ ಕರೆದೊಯ್ದದ್ದು ಒಳ್ಳೆಯ ಕೆಲಸ. ಆದರೆ ಅಲ್ಲಿಯೂ ಆಯ್ಕೆ ಇದ್ದೇ ಇರುತ್ತದೆ. ಇಡೀ ತರಗತಿ ಎದ್ದು ಒಟ್ಟಿಗೆ ನಡೆಯುವ ಪ್ರವಾಸ ಬೇಕೆಂದರೆ ಅದು ಹತ್ತಿರದ್ದಾಗಿರಬೇಕು, ಹಗಲಿನದ್ದಾಗಿರಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳ ಮಕ್ಕಳಿಗೆ ಹತ್ತಿರದ್ದು ಎಂದರೆ ಚಿಕ್ಕದ್ದು ಎಂದು ಯಾರಾದರೂ ತಿಳಿದಿದ್ದರೆ, ಇನ್ನರ್ಧ ತಾಸು ನನ್ನ ಮಾತು ಕೇಳಿರಿ.

ಗವಿಮಠದಿಂದಲೇ ಸುರು ಮಾಡೋಣ. ಜಾತ್ರೆಗೆ ಲಕ್ಷಾಂತರ ಜನ ಸೇರುವ ಮಠ ಅದು. ತೇರು ಎಳೆಯುವುದನ್ನು ನೋಡದ ಮಗು ನಮ್ಮಲ್ಲಿ ಇಲ್ಲ. ಅದೇ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. ಎದುರಿನ ಪಾಲ್ಕಿಗುಂಡಿನಲ್ಲಿ ಇನ್ನೊಂದು. 1931ರಲ್ಲಿ ಇವು ವಿದ್ವಾಂಸರ ಗಮನಕ್ಕೆ ಬಂದವು, ಮರುವರ್ಷ ಆರ್. ಎಲ್. ಟರ್ನರ್ ಅವರ ಪುಸ್ತಕವನ್ನು ಹೈದರಾಬಾದಿನ ಪುರಾತತ್ವ ಇಲಾಖೆ ಅಚ್ಚು ಮಾಡಿತು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ, ವಯಸ್ಸು ಎರಡು ಸಾವಿರದ ಇನ್ನೂರು ವರ್ಷಕ್ಕೂ ಹೆಚ್ಚು. ಅದರಲ್ಲಿ ಆ ದೊರೆ ಹೇಳುವುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ: ನಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ನಾನು ಹೆಚ್ಚು ಶ್ರಮಪಡಲಿಲ್ಲ, ಆಮೇಲೆ ಶ್ರಮಪಟ್ಟೆ, ಶ್ರಮದ ಫಲ ದೊಡ್ಡವರಿಗೆ ಮಾತ್ರ ಸಿಗುವಂಥದ್ದಲ್ಲ, ಸಣ್ಣವರಿಗೂ ಸಿಗುತ್ತದೆ.

ಇದನ್ನು ಬಂಡೆಯ ಮುಂದೆ ನಿಂತು ಹೇಳಿದ ದಿನ ನನ್ನ ತರಗತಿಯ ಹುಡುಗನೊಬ್ಬ ಕೇಳಿದ: "ರಾಜಾ ಆಗಿ, ಒಂದು ವರ್ಷ ನಾ ಸರಿಯಾಗಿ ಮಾಡಲಿಲ್ಲ ಅಂತ ತಾನೇ ಕಲ್ಲಿನ ಮ್ಯಾಲ ಬರಿಸ್ಯಾನೇನ್ರಿ?" ಹೌದಪ್ಪ, ಬರೆಸಿದ್ದಾನೆ. ಪಠ್ಯಪುಸ್ತಕದಲ್ಲಿ ಅಶೋಕನ ಪಾಠವನ್ನು ಹತ್ತಿಪ್ಪತ್ತು ವರ್ಷ ಹೇಳಿದ್ದೆ. ಆ ಪ್ರಶ್ನೆ ನನಗೆ ಒಮ್ಮೆಯೂ ಬಂದಿರಲಿಲ್ಲ. ತರಗತಿಯ ನಾಲ್ಕು ಗೋಡೆಯೊಳಗೆ ಅದು ಯಾವ ಮಗುವಿಗೂ ಬಂದಿರಲಿಲ್ಲ.

ಪಾಲ್ಕಿಗುಂಡು ಇನ್ನೂ ಸೋಜಿಗದ ಜಾಗ. ಎರಡು ಕಲ್ಲಿನ ಮೇಲೆ ದೊಡ್ಡದೊಂದು ಗುಂಡು ಪಲ್ಲಕ್ಕಿಯ ಹಾಗೆ ಕೂತಿದೆ. ಹೆಸರು ಬಂದದ್ದೇ ಅದರಿಂದ. ಅಲ್ಲಿನ ಅಶೋಕ ಶಾಸನ ಬಹಳ ಸವೆದಿದೆ. ಅದೇ ಬೆಟ್ಟದ ಮೇಲೆ ಒಂದು ಜೊತೆ ಪಾದಗಳನ್ನು ಕೊರೆದಿದ್ದಾರೆ. ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳು, ಚಾವಯ್ಯ ಎಂಬವನು ಮಾಡಿಸಿದ್ದು ಎಂದು ಅಲ್ಲಿಯೇ ಹಳಗನ್ನಡದ ಬರಹವಿದೆ. ಜಟಾಸಿಂಹನಂದಿ 'ವರಾಂಗಚರಿತ'ವನ್ನು ಬರೆದ ಸಂಸ್ಕೃತ ಕವಿ. ಒಂದೇ ಬೆಟ್ಟದಲ್ಲಿ ಎರಡು ಭಾಷೆ, ಎರಡು ಲಿಪಿ, ಎರಡು ಧರ್ಮ. ನಡುವೆ ಎಷ್ಟೋ ನೂರು ವರ್ಷಗಳ ಅಂತರ. 'ಕವಿರಾಜಮಾರ್ಗ' ಕನ್ನಡದ ತಿರುಳುಸೀಮೆಯನ್ನು ಗುರುತಿಸುವಾಗ ಎಣಿಸುವ ನಾಲ್ಕು ಊರುಗಳಲ್ಲಿ ನಮ್ಮ ಕೊಪಣವೂ ಒಂದು. ಆ ಮಾತನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಮಗುವಿಗೆ, ಆ ಕೊಪಣದ ಬಂಡೆಯ ಮೇಲೆಯೇ ತಾನು ಕೂತು ಬುತ್ತಿ ಬಿಚ್ಚಿದ್ದೇನೆ ಎಂದು ಗೊತ್ತಾಗಬೇಡವೆ?

ಅಶೋಕನ ಮಾತು ಬಂದಾಗ ಪ್ರವಾಸದ ಬಗ್ಗೆ ಅವನೇ ಹೇಳಿದ್ದನ್ನೂ ಹೇಳಿಬಿಡುತ್ತೇನೆ. ಗಿರ್ನಾರ್ ಮೊದಲಾದ ಕಡೆ ಇರುವ ಎಂಟನೆಯ ಬಂಡೆ ಶಾಸನದ ವಿಷಯವೇ ಪ್ರವಾಸ. ಹಿಂದಿನ ಅರಸರು ವಿಹಾರಯಾತ್ರೆ ಹೋಗುತ್ತಿದ್ದರು, ಬೇಟೆಯಾಡುತ್ತಿದ್ದರು, ಮೋಜು ಮಾಡುತ್ತಿದ್ದರು. ತಾನು ಪಟ್ಟವೇರಿ ಹತ್ತು ವರ್ಷವಾದಾಗ ಸಂಬೋಧಿಗೆ ಹೋದೆ, ಅಲ್ಲಿಂದ ಧರ್ಮಯಾತ್ರೆ ಸುರುವಾಯಿತು ಎನ್ನುತ್ತಾನೆ. ಆ ಯಾತ್ರೆಯಲ್ಲಿ ಏನೇನು ಮಾಡಬೇಕು ಎಂಬ ಪಟ್ಟಿಯೂ ಅಲ್ಲಿದೆ: ಶ್ರಮಣರನ್ನು, ಬ್ರಾಹ್ಮಣರನ್ನು ಕಾಣುವುದು, ವಯಸ್ಸಾದವರನ್ನು ಕಾಣುವುದು, ಹಳ್ಳಿಗಾಡಿನ ಜನರನ್ನು ಭೇಟಿಯಾಗುವುದು, ಧರ್ಮದ ಬಗ್ಗೆ ಹೇಳುವುದು ಮತ್ತು ಕೇಳುವುದು. ನಮ್ಮ ಬೆಟ್ಟದ ಮೇಲಿರುವ ಶಾಸನದ ಒಡಹುಟ್ಟಿದ ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅದರಲ್ಲಿ 256 ಎಂಬ ಅಂಕೆ ಬರುತ್ತದೆ. ಮನೆ ಬಿಟ್ಟು ಪ್ರವಾಸದಲ್ಲಿ ಕಳೆದ 256 ರಾತ್ರಿಗಳು ಎಂದು ಹಲವು ವಿದ್ವಾಂಸರು ಅದನ್ನು ಅರ್ಥೈಸಿದ್ದಾರೆ. ಅಂದರೆ ಅದು ದಾರಿಯ ನಡುವೆ ಹೊರಟ ಸಂದೇಶ. ಇಂಥ ಬಂಡೆ ಊರಲ್ಲೇ ಇದ್ದೂ ನಮ್ಮ ಮಕ್ಕಳ ಪ್ರವಾಸ ವಿಹಾರಯಾತ್ರೆಯಾಗಿಯೇ ಉಳಿದಿದೆ.

ಗಂಗಾವತಿ ಕಡೆಗೆ ಬನ್ನಿ. ಆನೆಗೊಂದಿ, ಅಂಜನಾದ್ರಿ, ಪಂಪಾ ಸರೋವರಕ್ಕೆ ಜನ ದೇಶದ ಮೂಲೆಮೂಲೆಯಿಂದ ಬರುತ್ತಾರೆ. ಹೊಳೆಯ ಆಚೆ ದಂಡೆಯ ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇವುಗಳ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಹಿರೇಬೆಣಕಲ್ಲಿನ ಗುಡ್ಡದ ಕಥೆ.

ಊರವರು ಅದನ್ನು ಮೊರೇರ ಗುಡ್ಡ ಎನ್ನುತ್ತಾರೆ. ಏರುವುದು ಸುಲಭವಲ್ಲ, ಕಲ್ಲು, ಕುರುಚಲು, ಬಿಸಿಲು. ಮೇಲೆ ಹೋದರೆ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿ ಮಾಡಿದ ಮನೆಗಳಂಥ ಕಟ್ಟಡಗಳು. ಒಂದೆರಡಲ್ಲ, ಸುಮಾರು ನಾನೂರು. ಕೆಲವು ಮೊಣಕಾಲೆತ್ತರ, ಕೆಲವು ಆಳೆತ್ತರ ಮೀರಿದವು. ಹಲವಕ್ಕೆ ಒಂದು ಬದಿಯಲ್ಲಿ ದುಂಡನೆಯ ಕಿಂಡಿ. ಮೊರೇರು ಎಂಬ ಗಿಡ್ಡ ಜನ ಈ ಮನೆಗಳಲ್ಲಿ ಇದ್ದರು ಎಂಬುದು ಹಿರಿಯರ ಮಾತು. ಇವು ಕಬ್ಬಿಣ ಯುಗದ ಜನ ತಮ್ಮ ಸತ್ತವರ ನೆನಪಿಗೆ ಕಟ್ಟಿದವು ಎಂಬುದು ಪುರಾತತ್ವಜ್ಞರ ಮಾತು. ಹತ್ತೊಂಬತ್ತನೆಯ ಶತಮಾನದಲ್ಲಿ, ಸುರಪುರದ ಆಡಳಿತ ನೋಡಿಕೊಂಡಿದ್ದ ಫಿಲಿಪ್ ಮೆಡೋಸ್ ಟೇಲರ್ ಇವುಗಳ ಬಗ್ಗೆ ಬರೆದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿ ಹಿರೇಬೆಣಕಲ್ ಸೇರಿತು. ಅಶೋಕ ಹುಟ್ಟುವ ಮೊದಲೇ ಇಲ್ಲಿ ಜನ ಕಲ್ಲು ಎಬ್ಬಿಸಿ, ಸೀಳಿ, ಹೊತ್ತು ತಂದು ನಿಲ್ಲಿಸುತ್ತಿದ್ದರು.

ಆ ಗುಡ್ಡದ ಮೇಲೆ ಒಂದು ನಗಾರಿ ಕಲ್ಲಿದೆ. ಅರ್ಧಗೋಲದ ಹಾಗಿರುವ ದೊಡ್ಡ ಗುಂಡು, ಇನ್ನೊಂದು ಬಂಡೆಯ ಮೇಲೆ ಕೂತಿದೆ. ಕಟ್ಟಿಗೆಯಿಂದ ಬಡಿದರೆ ಅದರ ದನಿ ಬಹಳ ದೂರ ಹೋಗುತ್ತದೆ. ನಾನು ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಬಡಿಯಲು ಬಿಡಲಿಲ್ಲ. ಮೂರು ಸಾವಿರ ವರ್ಷದ ಹತ್ತಿರದ ಜಾಗದಲ್ಲಿ ನಲವತ್ತು ಮಕ್ಕಳು ಸರದಿಯಲ್ಲಿ ಬಡಿಯತೊಡಗಿದರೆ ಮುಂದಿನ ತರಗತಿಗೆ ಏನು ಉಳಿದೀತು? ಬದಲಿಗೆ ಒಂದು ಕೆಲಸ ಕೊಟ್ಟೆ. ಇಬ್ಬಿಬ್ಬರು ಒಂದೊಂದು ಕಲ್ಮನೆ ಆರಿಸಿಕೊಳ್ಳಿ, ಗೇಣು, ಮೊಳದಲ್ಲಿ ಅಳೆಯಿರಿ, ಕಿಂಡಿ ಯಾವ ದಿಕ್ಕಿಗಿದೆ ನೋಡಿ ಬರೆಯಿರಿ, ಚಪ್ಪಡಿಯ ದಪ್ಪ ನೋಡಿ ಎಷ್ಟು ಜನ ಹೊತ್ತಿರಬಹುದು ಅಂದಾಜು ಮಾಡಿರಿ. ಮಧ್ಯಾಹ್ನ ಎಲ್ಲರೂ ಕೂಡಿದಾಗ ವಾದ ಹತ್ತಿಕೊಂಡಿತು. ಒಂದು ಜೋಡಿ ಇಪ್ಪತ್ತು ಜನ ಎಂದರೆ ಇನ್ನೊಂದು ಜೋಡಿ ಎತ್ತು ಬೇಕು ಎಂದಿತು. ಕಲ್ಲುಕ್ವಾರಿಯಲ್ಲಿ ದುಡಿಯುವ ಮನೆಯ ಹುಡುಗ, ಎರಡೂ ಕಡೆಯವರನ್ನು ಸುಮ್ಮನಾಗಿಸಿ, ಹಾರೆಯಿಂದ ಮೀಟಿ, ಅಡಿಗೆ ಉರುಳು ಕಟ್ಟಿಗೆ ಇಟ್ಟು ದೊಡ್ಡ ಕಲ್ಲನ್ನು ಹೇಗೆ ಸರಿಸುತ್ತಾರೆಂದು ಕೈ ಮಾಡಿ ತೋರಿಸಿದ. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಅವನು. ಅಂದು ಅವನೇ ಮೇಷ್ಟ್ರು.

ಈ ಒಂದು ದಿನಕ್ಕೆ ನಮಗೆ ಖರ್ಚಾದದ್ದು ಬಸ್ಸಿನ ಬಾಡಿಗೆ ಮಾತ್ರ. ಬುತ್ತಿ ಅವರವರ ಮನೆಯದು. ಸಂಜೆ ದೀಪ ಹಚ್ಚುವ ಮೊದಲು ಎಲ್ಲರೂ ಮನೆಯಲ್ಲಿದ್ದರು. ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳಲ್ಲಿ ಜ್ವರ ಬಂದಿದ್ದ ಒಬ್ಬಳನ್ನು ಬಿಟ್ಟು ಎಲ್ಲರೂ ಬಂದಿದ್ದರು.

ಹಳೆಯ ಯಲಬುರ್ಗಾ ತಾಲೂಕಿನ ಸಂಪತ್ತು ಬೇರೆ ಬಗೆಯದು. ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳಿವೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ಇಟಗಿ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಮಹಾದೇವ ದೇವಾಲಯ ಅಲ್ಲಿದೆ. ಅಲ್ಲಿನ ಶಾಸನ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಹೊಗಳುತ್ತದೆ. ತೆರೆದ ಮಂಟಪದಲ್ಲಿ ಮೂಲತಃ 68 ಕಂಬಗಳು. ಅವುಗಳಲ್ಲಿ 26 ನೆಲದಿಂದಲೇ ಎದ್ದು ಮುಖ್ಯ ಮಾಳಿಗೆಯನ್ನು ಹೊತ್ತಿವೆ; ಉಳಿದ ಗಿಡ್ಡ ಕಂಬಗಳು ಕಟ್ಟೆಗೋಡೆಯ ಮೇಲೆ ನಿಂತು ಇಳಿಜಾರು ಸೂರನ್ನು ಹಿಡಿದಿವೆ. ಇದನ್ನು ಶಿಕ್ಷಕರು ಹೇಳಿಬಿಟ್ಟರೆ ಒಂದು ನಿಮಿಷದ ಮಾಹಿತಿ. ಯಾವ ಕಂಬ ಏನನ್ನು ಹೊತ್ತಿದೆ ನೋಡಿ ಎಂದು ಮಕ್ಕಳನ್ನೇ ಬಿಟ್ಟರೆ ಅದು ಒಂದು ಮುಂಜಾನೆಯ ಪಾಠ. ಬೆಳಗಿನ ಓರೆ ಬಿಸಿಲಿನಲ್ಲಿ ಆ ಬಳಪದ ಕಲ್ಲಿನ ಕೆತ್ತನೆ ನೋಡುವುದೇ ಬೇರೆ, ನೆತ್ತಿಯ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿ ನೋಡುವುದೇ ಬೇರೆ. ಹತ್ತಿರದ ಊರಿನವರು ಮಾತ್ರ ಹೊತ್ತು ಆರಿಸಿಕೊಂಡು ಹೋಗಬಲ್ಲರು. ದೂರದಿಂದ ಬರುವ ಬಸ್ಸಿಗೆ ಆ ಭಾಗ್ಯವಿಲ್ಲ.

ಮಹಾದೇವ ದಂಡನಾಯಕ ತನ್ನ ತಂದೆಯ, ತಾಯಿಯ ನೆನಪಿಗೂ ಅಲ್ಲಿ ಗುಡಿ ಕಟ್ಟಿಸಿದ. ಗುಡಿಗಳ ನಿತ್ಯದ ಖರ್ಚಿಗೆ ಭೂಮಿ, ಆದಾಯ ಬಿಡುವುದನ್ನೇ ನಮ್ಮ ಬಹುಪಾಲು ಶಾಸನಗಳು ದಾಖಲಿಸುತ್ತವೆ. ಅವೆಲ್ಲ ದತ್ತಿಯ ಕಾಗದಗಳೇ. ಕಾಗದದ ಬದಲು ಕಲ್ಲು. ತೀರಿಹೋದ ಹಿರಿಯರ ಹೆಸರಿನಲ್ಲಿ ಹಣ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಸುವ ಈ ಮನೆತನದವರು ಮಾಡುತ್ತಿರುವುದೂ ಆ ಹಳೆಯ ಕೆಲಸವನ್ನೇ. ಇದನ್ನು ನಾನು ಶಿಷ್ಟಾಚಾರಕ್ಕಾಗಿ ಹೇಳುತ್ತಿಲ್ಲ. ಇದರ ಮೇಲೆ ನನ್ನದೊಂದು ಬೇಡಿಕೆ ಇದೆ, ಕೊನೆಗೆ ಹೇಳುತ್ತೇನೆ.

ಕುಷ್ಟಗಿಯಿಂದ ಬಂದ ಶಿಕ್ಷಕರು ನಮ್ಮ ಕಡೆ ಏನಿದೆ ಎಂದು ಕೇಳಬಹುದು. ಪುರದ ಸೋಮೇಶ್ವರ ಗುಡಿ ಇದೆ. ಕೋಟಿ ಲಿಂಗ ಎಂದು ಜನ ಕರೆಯುವ ಆ ಲಿಂಗಗಳ ಸಾಲನ್ನು ನೋಡಬೇಕು. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳ ವಿಷಯದಲ್ಲಿ ನನ್ನನ್ನು ಕಾಡುವುದು ಬೇರೆ. ಮಳೆ ಕೈಕೊಟ್ಟ ವರ್ಷ ಇಲ್ಲಿಯ ಎಷ್ಟೋ ಮನೆಗಳು ಗುಳೆ ಹೋಗುತ್ತವೆ: ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ. ಮಕ್ಕಳೂ ಗಂಟಿನ ಜೊತೆಗೆ ಹೋಗುತ್ತಾರೆ. ನನ್ನ ತರಗತಿಯಲ್ಲಿ ಗೋವಾದ ಕಡಲು ನೋಡಿದ ಹುಡುಗಿ ಇದ್ದಳು. ಅಲ್ಲಿ ಕಟ್ಟಡದ ಕೆಲಸದ ಜಾಗದಲ್ಲಿ ತಮ್ಮನನ್ನು ಎತ್ತಿಕೊಂಡು ನಾಲ್ಕು ತಿಂಗಳು ಇದ್ದಳು. ಇಟಗಿಯನ್ನು ನೋಡಿರಲಿಲ್ಲ. ಹೊಟ್ಟೆಗಾಗಿ ದೂರ ಹೋಗುವುದು ಗೊತ್ತಿದ್ದ ಆ ಮಗುವಿಗೆ, ತಿಳಿಯುವುದಕ್ಕಾಗಿ ಹತ್ತಿರಕ್ಕೆ ಹೋಗುವುದನ್ನು ನಾವು ಕಲಿಸಿರಲಿಲ್ಲ. ಇಂಥ ಮಕ್ಕಳು ಊರಿನಲ್ಲಿರುವ ತಿಂಗಳಲ್ಲೇ ಪ್ರವಾಸ ಇಟ್ಟುಕೊಳ್ಳಬೇಕು. ಸುಗ್ಗಿ ಮುಗಿದು ಮನೆಗಳಿಗೆ ಬೀಗ ಬಿದ್ದ ಮೇಲೆ ಬಸ್ಸು ತಂದರೆ ಯಾರಿಗೆ?

ಸ್ಮಾರಕದ ಮಾತಿಗೆ ಬರುತ್ತೇನೆ. ರಾಷ್ಟ್ರೀಯ ಸ್ಮಾರಕ ಎಂದ ಕೂಡಲೆ ನಮ್ಮ ಮನಸ್ಸು ಜಲಿಯನ್‌ವಾಲಾ ಬಾಗಿಗೆ ಹೋಗುತ್ತದೆ. ಕರ್ನಾಟಕದಲ್ಲಾದರೆ ಕಿತ್ತೂರು, ನಂದಗಡ, ವಿದುರಾಶ್ವತ್ಥ, ಶಿವಪುರ. ಹೋಗಲೇಬೇಕಾದ ಜಾಗಗಳು ಅವು. ಆದರೆ ಕೊಪ್ಪಳದ ಕೋಟೆಯನ್ನು ದಿನಾ ನೋಡುವ ನಮ್ಮ ಮಕ್ಕಳಿಗೆ ಅಲ್ಲಿ 1858ರಲ್ಲಿ ಏನು ನಡೆಯಿತು ಎಂದು ಗೊತ್ತಿದೆಯೆ? ಟಿಪ್ಪು 1786ರಲ್ಲಿ ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರರ ನೆರವಿನಿಂದ ಬಲಪಡಿಸಿದ ಕೋಟೆ ಅದು. ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಬ್ರಿಟಿಷರ ವಿರುದ್ಧ ಎದ್ದು ಅದನ್ನು ಹಿಡಿದರು; ಅಲ್ಲಿಯೇ ಹೋರಾಡಿ ಮಡಿದರು.

ಇನ್ನು 1948. ದೇಶಕ್ಕೆ 1947ರ ಆಗಸ್ಟ್ 15ರಂದು ಬಂದ ಸ್ವಾತಂತ್ರ್ಯ ನಿಜಾಮನ ಆಡಳಿತದಲ್ಲಿದ್ದ ನಮಗೆ ಬಂದದ್ದು 1948ರ ಸೆಪ್ಟೆಂಬರ್ 17ರಂದು. ಆ ಹದಿಮೂರು ತಿಂಗಳು ಈ ನೆಲ ರಜಾಕಾರರ ಹಾವಳಿಯಲ್ಲಿ ನಲುಗಿತು. ಗಡಿಯಾಚೆ ಮುಂಡರಗಿಯಲ್ಲಿ ಶಿಬಿರ ಕಟ್ಟಿ ಹೋರಾಡಿದವರ ಮುಂದಾಳು ನಮ್ಮ ಅಳವಂಡಿಯ ಶಿವಮೂರ್ತಿ ಸ್ವಾಮಿಗಳು. ಮುಂದೆ ಮೊದಲ ಲೋಕಸಭೆಗೆ ಕುಷ್ಟಗಿ ಕ್ಷೇತ್ರದಿಂದ ಪಕ್ಷೇತರರಾಗಿ ಆರಿಸಿ ಹೋದರು. ಪ್ರತಿ ಸೆಪ್ಟೆಂಬರ್ 17ರಂದು ನಾವು ಧ್ವಜ ಹಾರಿಸುತ್ತೇವೆ, ಲಾಡು ಹಂಚುತ್ತೇವೆ. ಅಂದು ಐದಾರು ವರ್ಷದವರಾಗಿದ್ದವರು ಇಂದು ಎಂಬತ್ತು ದಾಟಿದ್ದಾರೆ. ರಾತ್ರಿ ಗಾಡಿ ಹೂಡಿಕೊಂಡು ಊರು ಬಿಟ್ಟ ನೆನಪು, ಹಗೇವಿನಲ್ಲಿ ಅಡಗಿ ಕೂತ ನೆನಪು ಹೇಳಬಲ್ಲ ಅಜ್ಜಿಯರು ಇನ್ನೂ ನಮ್ಮ ಓಣಿಗಳಲ್ಲಿದ್ದಾರೆ. ಅಶೋಕನ ಯಾತ್ರೆಯ ಪಟ್ಟಿಯಲ್ಲಿ ವಯಸ್ಸಾದವರನ್ನು ಕಾಣುವುದೂ ಇತ್ತು. ನಮ್ಮ ಪ್ರವಾಸದ ಪಟ್ಟಿಯಲ್ಲಿ ಅದು ಎಂದೂ ಇರಲಿಲ್ಲ. ಎಂಟು ಮಕ್ಕಳು ಒಂದು ನೋಟುಪುಸ್ತಕ ಹಿಡಿದು ಒಬ್ಬ ಅಜ್ಜಿಯ ಕಟ್ಟೆಗೆ ಹೋಗಿ ಕೂತು ಬರುವುದು ನನ್ನ ದೃಷ್ಟಿಯಲ್ಲಿ ರಾಷ್ಟ್ರೀಯ ಸ್ಮಾರಕಕ್ಕೆ ಹೋಗಿ ಬಂದ ಹಾಗೆ. ಕೋಟೆ ಇನ್ನು ಐವತ್ತು ವರ್ಷ ಕಾಯುತ್ತದೆ, ಅಜ್ಜಿ ಕಾಯುವುದಿಲ್ಲ.

ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯನ್ನೂ ನಾನು ಸ್ಮಾರಕ ಎಂದೇ ಎಣಿಸುತ್ತೇನೆ. 1945ರಲ್ಲಿ ಮದ್ರಾಸ್ ಪ್ರಾಂತ್ಯ, ಹೈದರಾಬಾದ್ ಸಂಸ್ಥಾನ ಎರಡೂ ಕೂಡಿ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ನಿಂತಿತು. ಎಷ್ಟೋ ಊರುಗಳು ಆ ನೀರಿನ ಅಡಿಗೆ ಹೋದವು, ಗಂಗಾವತಿ ಭತ್ತದ ಕಣಜವಾಯಿತು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ, ಒಂದು ವಾರ ಇಡೀ ನಾಡು ಉಸಿರು ಬಿಗಿಹಿಡಿದದ್ದು ನಿಮಗೆ ನೆನಪಿದೆ. ಗೇಟಿನ ಒಂದು ಸರಪಳಿ ಕಡಿದರೆ ಯಾರ ಗದ್ದೆ ಒಣಗುತ್ತದೆ ಎಂಬ ಪ್ರಶ್ನೆಯಲ್ಲಿ ವಿಜ್ಞಾನ, ಭೂಗೋಳ, ಪೌರನೀತಿ ಮೂರೂ ಇವೆ.

ಹೊರಗಿನ ಒಂದು ಉದಾಹರಣೆ ಕೊಡುತ್ತೇನೆ. ಜಪಾನಿನಲ್ಲಿ ಶಾಲಾ ಪ್ರವಾಸ ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಪದ್ಧತಿ. ಬಹಳಷ್ಟು ಶಾಲೆಗಳು ಹಿರೋಶಿಮಾಕ್ಕೆ ಹೋಗುತ್ತವೆ. ಬಾಂಬಿನ ವಿಕಿರಣದಿಂದ ರಕ್ತದ ಕ್ಯಾನ್ಸರ್ ತಗುಲಿ 1955ರಲ್ಲಿ ತೀರಿಕೊಂಡ ಸದಾಕೊ ಸಸಾಕಿ ಎಂಬ ಹುಡುಗಿಯ ನೆನಪಿಗೆ ಅಲ್ಲಿ ಮಕ್ಕಳ ಶಾಂತಿ ಸ್ಮಾರಕವಿದೆ. ಆಸ್ಪತ್ರೆಯಲ್ಲಿ ಅವಳು ಕಾಗದದ ಕೊಕ್ಕರೆಗಳನ್ನು ಮಡಚುತ್ತಿದ್ದಳು. ಅಲ್ಲಿಗೆ ಹೋಗುವ ಮಕ್ಕಳು ಅವಳ ಕಥೆಯನ್ನು ಮೊದಲೇ ಓದಿ, ತಮ್ಮ ಶಾಲೆಯಲ್ಲಿಯೇ ಕೊಕ್ಕರೆಗಳನ್ನು ಮಡಚಿ, ಪೋಣಿಸಿ, ಕೈಯಲ್ಲಿ ಹಿಡಿದುಕೊಂಡು ಹೋಗುತ್ತಾರೆ. ಪ್ರವಾಸ ಬಸ್ಸು ಹತ್ತುವ ವಾರಗಳ ಮೊದಲೇ ಅವರ ತರಗತಿಯಲ್ಲಿ ಸುರುವಾಗಿರುತ್ತದೆ. ನಾವು ಬಸ್ಸಿನ ಮುಂಗಡ, ಒಪ್ಪಿಗೆ ಪತ್ರ, ಬಿಇಒ ಕಚೇರಿಯ ಅನುಮತಿಯಲ್ಲಿ ತಿಂಗಳು ಕಳೆಯುತ್ತೇವೆ. ಅದೂ ಬೇಕು. ಆದರೆ ಗವಿಮಠಕ್ಕೆ ಹೋಗುವ ಮೊದಲು ಕರಿಹಲಗೆಯ ಮೇಲೆ ಬ್ರಾಹ್ಮಿಯ ಹತ್ತು ಅಕ್ಷರ ಬರೆದು ಕಲಿಸಲು ಎರಡು ತಾಸು ಸಾಕು. ಆ ಹತ್ತು ಅಕ್ಷರ ಕಲಿತ ಮಗು ಬಂಡೆಯ ಮೇಲೆ 'ಮ' ಅಕ್ಷರವನ್ನು ತಾನೇ ಹುಡುಕಿ ಕೂಗಿದಾಗ ಅದರ ಮುಖ ನೋಡಿದವಳು ನಾನು.

ಅನುಮತಿ, ಎಚ್ಚರ ಎಂದಾಗ ಒಂದು ನೋವಿನ ಮಾತನ್ನು ಬಿಟ್ಟು ಮುಂದೆ ಹೋಗಲಾರೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಸುದ್ದಿ ಬಂದ ರಾತ್ರಿ ಈ ರಾಜ್ಯದಲ್ಲಿ ಮಕ್ಕಳನ್ನು ಎಂದಾದರೂ ಪ್ರವಾಸಕ್ಕೆ ಒಯ್ದ ಯಾವ ಶಿಕ್ಷಕರಿಗೂ ನಿದ್ದೆ ಬಂದಿರಲಿಕ್ಕಿಲ್ಲ. ಸ್ಥಳಗಳ ಸಂಖ್ಯೆ ಹೆಚ್ಚಿದಷ್ಟೂ ದಣಿವು ಹೆಚ್ಚುತ್ತದೆ, ದಣಿದ ಕಣ್ಣು ಎಣಿಕೆ ತಪ್ಪುತ್ತದೆ. ಹೊಳೆ, ಕಡಲು, ಅಣೆಕಟ್ಟೆಯ ಕಡೆ ಹೋದರೆ ನೀರಿಗೆ ಇಳಿಸಬಾರದು, ಮಾತು ಮುಗಿಯಿತು. ಆನೆಗೊಂದಿಯಲ್ಲಿ ತುಂಗಭದ್ರೆ ಬಂಡೆಗಳ ನಡುವೆ ಶಾಂತವಾಗಿ ಕಾಣುತ್ತಾಳೆ. ಅವಳ ಸುಳಿಗಳನ್ನು ಹರಿಗೋಲು ಹಾಕುವವರನ್ನು ಕೇಳಿ ತಿಳಿಯಿರಿ. ರಾತ್ರಿ ಪ್ರಯಾಣ ಬೇಡ. ಹುಡುಗಿಯರ ಜೊತೆ ಶಿಕ್ಷಕಿ ಇರಲೇಬೇಕು, ಅವರಿಗೆ ಶೌಚಾಲಯ ಎಲ್ಲಿದೆ ಎಂಬುದನ್ನು ಹೊರಡುವ ಮುಂಚೆ ಒಬ್ಬರು ಹೋಗಿ ನೋಡಿ ಬಂದಿರಬೇಕು. ಇದು ಸಣ್ಣ ವಿಷಯ ಎನ್ನುವವರಿಗೆ ಹೇಳುತ್ತೇನೆ: ಶೌಚಾಲಯ ಸಿಗಲಿಕ್ಕಿಲ್ಲ ಎಂದು ಹೆದರಿ ಇಡೀ ದಿನ ನೀರು ಕುಡಿಯದೆ ಇದ್ದು, ಇಟಗಿಯ ಮಂಟಪದಲ್ಲಿ ತಲೆಸುತ್ತಿ ಕೂತ ಹುಡುಗಿಯನ್ನು ನನ್ನ ತೊಡೆಯ ಮೇಲೆ ಮಲಗಿಸಿಕೊಂಡಿದ್ದೇನೆ.

ದೂರದ ಪ್ರವಾಸ ಬೇಡವೇ ಬೇಡ ಎನ್ನುವವಳಲ್ಲ ನಾನು. ಮೈಸೂರು, ಬೇಲೂರು, ಕಡಲು, ದಿಲ್ಲಿ ಎಲ್ಲವನ್ನೂ ನಮ್ಮ ಮಕ್ಕಳು ನೋಡಲಿ. ಇಟಗಿಯ ಕಂಬ ಅಳೆದ ಮಗು ಬೇಲೂರಿನಲ್ಲಿ ಬೇರೆಯೇ ಕಣ್ಣಿನಿಂದ ನೋಡುತ್ತದೆ. ನಾನು ಕೇಳುವುದು ಕ್ರಮವನ್ನು: ಎಂಟನೆಯ ತರಗತಿಯಲ್ಲಿ ಊರಿನ ಹತ್ತಿರದ ಒಂದು ಜಾಗಕ್ಕೆ ಒಂದು ಇಡೀ ದಿನ, ಒಂಬತ್ತರಲ್ಲಿ ಜಿಲ್ಲೆಯ ಇನ್ನೊಂದು ಮೂಲೆಗೆ, ಆಮೇಲೆ ದೂರಕ್ಕೆ. ಮೊದಲಿನ ಎರಡಕ್ಕೆ ಯಾವ ಮಗುವಿನಿಂದಲೂ ಒಂದು ರೂಪಾಯಿ ತೆಗೆದುಕೊಳ್ಳಬಾರದು.

ನನ್ನ ಬೇಡಿಕೆ ಇಷ್ಟು. ಈ ದತ್ತಿಯ ಹಿರಿಯರೆ, ನಿಮ್ಮ ಹಾಗೆ ಹಣ ಇಡುವವರು ಈ ನಾಲ್ಕು ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ವರ್ಷದ ಬಡ್ಡಿಯಲ್ಲಿ ಒಂದು ಪಾಲು ಒಂದು ಸರ್ಕಾರಿ ಶಾಲೆಯ ಒಂದು ದಿನದ ಬಸ್ಸಿಗೆ ಹೋಗಲಿ. ಉಪನ್ಯಾಸಕ್ಕೆ ಬಂದಷ್ಟೇ ಪುಣ್ಯ ಅದಕ್ಕೂ ಬರುತ್ತದೆ. ಎಸ್‌ಡಿಎಂಸಿ ಸದಸ್ಯರೆ, ಊರಿನ ಟ್ರ್ಯಾಕ್ಟರು ಜಾತ್ರೆಗೆ ಜನರನ್ನು ಹೊತ್ತ ಹಾಗೆ ಮಕ್ಕಳನ್ನು ಹೊರುವುದು ಬೇಡ, ಬಸ್ಸೇ ಬರಲಿ; ನೀವು ಬುತ್ತಿಯ ಜವಾಬ್ದಾರಿ ಹೊರಿರಿ. ಶಿಕ್ಷಕ ಬಂಧುಗಳೆ, ಕೇಂದ್ರ ಪುರಾತತ್ವ ಇಲಾಖೆ ಟಿಕೆಟ್ ಇಟ್ಟಿರುವ ಕಡೆಯೂ 15 ವರ್ಷದೊಳಗಿನ ಮಕ್ಕಳಿಗೆ ಹಣವಿಲ್ಲ. ಮಕ್ಕಳ ಪರವಾಗಿ ಇರುವ ಈ ನಿಯಮವನ್ನು ಬಳಸಿಕೊಳ್ಳಿರಿ.

ಈ ಡಿಸೆಂಬರಿನಲ್ಲಿ ಬಸ್ಸು ಶಾಲೆಯ ಎದುರು ಬಂದು ನಿಂತಾಗ, ದುಡ್ಡು ಕೊಟ್ಟವರ ಪಟ್ಟಿಯನ್ನು ಒಳಗಿಟ್ಟು ತರಗತಿಯ ಹಾಜರಿ ಪುಸ್ತಕವನ್ನು ಕೈಗೆ ತೆಗೆದುಕೊಳ್ಳಿರಿ. ಮೊದಲ ಹೆಸರಿನಿಂದ ಕೊನೆಯ ಹೆಸರಿನವರೆಗೆ ಕೂಗಿರಿ. ಎಲ್ಲರೂ 'ಬಂದೀನ್ರಿ' ಅಂದ ಮೇಲೆ ಬಸ್ಸು ಬಿಡಿರಿ.